ಬೀರದೇವರ ಮೋರೆಯ ಮೇಲಿನ ಮೂರು ಹೂವು

ದಿಗ್ಗೇವಾಡಿಯ ಮಾಳಸಿದ್ದನ ಮೂಗಿನ ಬಗ್ಗೆ ಊರಿನಲ್ಲಿ ಎರಡು ಮಾತಿರಲಿಲ್ಲ. ಇನ್ನೂರು ಕುರಿಗಳ ಹಿಂಡಿನಲ್ಲಿ ತಾಯಿ ತಪ್ಪಿದ ಮರಿಯನ್ನು ಎತ್ತಿಕೊಂಡು, ಅದರ ನೆತ್ತಿ ಮೂಸಿ, “ಇದು ಆ ಹರಕ ಕಿವಿ ಕುರೀದು” ಎಂದು ಅವನು ಹೇಳಿದರೆ ಹತ್ತರಲ್ಲಿ ಎಂಟು ಸಲ ಸರಿಯಾಗಿರುತ್ತಿತ್ತು. ಉಳಿದ ಎರಡು ಸಲ ತಪ್ಪು ಕುರಿಯದೇ ಎಂದು ಅವನ ವಾದ. ಆದರೆ ಕಣ್ಣು ಕಟ್ಟಿ ನಾಲ್ಕು ಮನೆಯ ತುಪ್ಪವನ್ನು ಮುಂದಿಟ್ಟರೆ, ತನ್ನ ಹೆಂಡತಿ ಮಲಕವ್ವ ವೀಳ್ಯದೆಲೆ ಹಾಕಿ ಕಾಸಿದ ತುಪ್ಪ ಯಾವುದೆಂದು ಹತ್ತಕ್ಕೆ ಹತ್ತು ಸಲವೂ ಹೇಳುತ್ತಿದ್ದ. ಮಲಕವ್ವನಿಗೆ ಅದೊಂದು ದೊಡ್ಡ ಹೆಮ್ಮೆ. ಮೂವತ್ತು ವರ್ಷದ ಸಂಸಾರದಲ್ಲಿ ಗಂಡ ಅವಳನ್ನು ಹೊಗಳಿದ್ದು ಅಷ್ಟೇ, ಅದೂ ಮೂಗಿನಿಂದ.

ಎರಡು ಸಾವಿರದ ಹನ್ನೆರಡರ ಮಳೆಗಾಲದಲ್ಲಿ ಆ ಮೂಗು ಕೈಕೊಡತೊಡಗಿತು. ಮೊದಲು ಬಲಗಡೆಯ ಹೊಳ್ಳೆ ಕಟ್ಟಿಕೊಂಡಿತು. ಆಮೇಲೆ ಅದೇ ಹೊಳ್ಳೆಯಿಂದ ಆಗಾಗ ರಕ್ತ ಒಸರತೊಡಗಿತು. ಊರಿನ ವೈದ್ಯರೆಲ್ಲ, ಎಂದರೆ ಊರಿನ ಎಲ್ಲರೂ, ಕೈಹಚ್ಚಿದರು. ಒಬ್ಬರು ಉಳ್ಳಾಗಡ್ಡಿ ಜಜ್ಜಿ ಮೂಸಲು ಹೇಳಿದರು, ಇನ್ನೊಬ್ಬರು ನಿಪ್ಪಾಣಿಯ ನಶ್ಯ ತಂದುಕೊಟ್ಟರು. ನಶ್ಯ ಏರಿಸಿ ಮಾಳಸಿದ್ದ ಹನ್ನೊಂದು ಸಲ ಸೀನಿದ. ನಶ್ಯ ತಂದವನ ಬಿಳಿ ಅಂಗಿ ಕೆಂಪಾಯಿತು. ಅಲ್ಲಿಗೆ ಆ ಉಪಚಾರ ನಿಂತಿತು.

ಮಲಕವ್ವ ಹೆದರಿದ್ದು ರಕ್ತಕ್ಕಲ್ಲ. ಒಂದು ಮುಂಜಾನೆ ಮಾಳಸಿದ್ದ ಒಂದೇ ಮರಿಯನ್ನು ನಾಲ್ಕು ಕುರಿಗಳ ಕೆಳಗೆ ಬಿಟ್ಟ. ನಾಲ್ಕೂ ಒದ್ದವು. ಅವನು ಮರಿಯನ್ನು ಎದೆಗೆ ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟ, ಕುರಿಗಳನ್ನು ಬೈಯಲೂ ಇಲ್ಲ. ಬೈಯದ ಗಂಡನನ್ನು ಅವಳು ಅದೇ ಮೊದಲು ನೋಡಿದ್ದು. ಮರುದಿನವೇ ಅವನನ್ನು ರಾಯಬಾಗದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅವರು ಒಳಗೆ ಬ್ಯಾಟರಿ ಹಿಡಿದು ನೋಡಿ, ಮಿರಜಕ್ಕೆ ಚೀಟಿ ಬರೆದುಕೊಟ್ಟರು.

ಕುಡಚಿಯಲ್ಲಿ ರೈಲು ಹತ್ತಿ ಮಿರಜದ ದೊಡ್ಡ ದವಾಖಾನೆಗೆ ಮೂರು ಸಲ ಓಡಾಡಿದ್ದಾಯಿತು. ಮೂಗಿನೊಳಗಿನ ಮಾಂಸದ ಚೂರು ತೆಗೆದು ತಪಾಸಣೆ ಮಾಡಿದರು, ಸುರಂಗದಂಥ ಯಂತ್ರದಲ್ಲಿ ಮಲಗಿಸಿ ಫೋಟೋ ತೆಗೆದರು. ನಾಲ್ಕನೆಯ ಸಲ ಡಾಕ್ಟರು ಮೂವರನ್ನೂ ಕೂಡಿಸಿಕೊಂಡರು. ಮೂರನೆಯವನು ಮಾಳಸಿದ್ದನ ತಮ್ಮ ಜಕ್ಕಪ್ಪ. ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವನು, ಲೋಕದ ಎಲ್ಲ ರಸ್ತೆಗಳೂ ತನಗೆ ಗೊತ್ತೆಂದು ತಿಳಿದವನು.

ಡಾಕ್ಟರು ಸದಲಗಾದ ಹುಡುಗಿ, ಹೆಸರು ಸಾರಿಕಾ. ಅಪ್ಪ ಬಸ್ ಕಂಡಕ್ಟರ್. ಮಿರಜದಲ್ಲಿ ಎಲ್ಲರ ಜೊತೆ ಮರಾಠಿ ಮಾತಾಡುತ್ತಿದ್ದವಳು ಇವರನ್ನು ಕಂಡದ್ದೇ ನಮ್ಮ ಕನ್ನಡಕ್ಕೆ ಇಳಿದಳು. ಕಾಗದದ ಮೇಲೆ ಒಂದು ಮುಖ ಬರೆದು ಅದರ ಮೂಗಿನ ಮೇಲೆ ಪೆನ್ನು ಇಟ್ಟಳು.

“ಕಾಕಾ, ಇದು ಕ್ಯಾನ್ಸರ್ ಗಡ್ಡಿ ಐತ್ರಿ. ಮುಚ್ಚಿಡಾಂಗಿಲ್ಲ ನಾ. ಮೂಗಿನ ಮಾಳಿಗಿಗೆ ಹತ್ತೇತಿ. ಮಾಳಿಗಿ ಮ್ಯಾಲ ಮೆದುಳು, ಬಾಜೂಕ ಕಣ್ಣು. ಇನ್ನೂ ಎರಡಕ್ಕೂ ಮುಟ್ಟಿಲ್ಲ. ಅದಕ್ಕ ಈಗ ತಗದ್ರ ಛಲೋ.”

“ಹೆಂಗ ತಗೀತಿ ತಂಗಿ?” ಎಂದ ಮಾಳಸಿದ್ದ.

“ಮೂರ ಹಾದಿ ಅದಾವ್ರಿ. ಒಂದು, ಮೂಗಿನ ಹೊಳ್ಳಿಯಿಂದಾನ ದುರ್ಬೀನ ಹಾಕಿ ತಗಿಯೂದು. ಹೊರಗ ಗಾಯ ಕಾಣೂದಿಲ್ಲ. ಎರಡು, ಮೂಗಿನ ಬಾಜೂಕ ತುಟಿ ಮಟಾ ಕೊಯ್ದು, ಕದಾ ತಗದಂಗ ಮಾರಿ ತಗದು ನೋಡೂದು. ಮೂರು, ಈ ಕಿವಿಯಿಂದ ಆ ಕಿವಿ ಮಟಾ ಕೂದಲದಾಗ ಕೊಯ್ದು, ಹಣಿ ಎಲಬ ತಗದು, ಮ್ಯಾಲಿಂದ ಇಳಿಯೂದು. ಫೋಟೋದಾಗ ನೋಡಿದ್ರ ಮೊದಲನೇ ಹಾದೀನ ಸಾಕಾಗತೈತಿ ಅನಸ್ತೈತಿ. ಆದ್ರ ಒಳಗ ಹೋದ ಮ್ಯಾಲ ಬೇರು ಎತ್ತ ಹೋಗೇತೋ ಗೊತ್ತಾಗೂದು. ಅದಕ್ಕ ಮೂರಕ್ಕೂ ಈಗಲೇ ನಿಮ್ಮ ಒಪ್ಪಿಗಿ ಬೇಕು.”

ಜಕ್ಕಪ್ಪ ಮುಂದೆ ಬಾಗಿದ. “ಡಾಕ್ಟರ ಬಾಯಾರ, ಮೂರನೇದು ಬೈಪಾಸ ಆತಲ್ರಿ? ಗದ್ದಲಾ ಇರೂದಿಲ್ಲ, ಸೀದಾ ಹೋಗಬಹುದು.”

“ನೀವು ಸುಮ್ನ ಕುಂದರ್ರಿ ಮಾಮಾ,” ಎಂದಳು ಸಾರಿಕಾ. ಆಮೇಲೆ ಮಾಳಸಿದ್ದನ ಕಡೆ ತಿರುಗಿ, ದನಿ ಇಳಿಸಿ, “ಇನ್ನೊಂದು ಮಾತ ಕಾಕಾ. ಯಾವ ಹಾದೀಲೆ ಹೋದ್ರೂ ವಾಸನಿ ಮಾತ್ರ ಹೋಗತೈತ್ರಿ. ವಾಸನಿ ನರಾ ಅಲ್ಲೇ ಅದಾವು,” ಎಂದಳು.

ಮಾಳಸಿದ್ದ ಆ ಕಾಗದದ ಮುಖದ ಮೂಗಿನ ಮೇಲೆ ಬೆರಳಿಟ್ಟ.

“ಅಂದ್ರ ನನಗ ಕುರಿ ಗುರ್ತ ಹತ್ತೂದಿಲ್ಲ. ಆತು. ಇನ್ನ ನೀ ಮಾರೀನೂ ಕೊಯ್ದಿ ಅಂದ್ರ ಕುರಿಗೂ ನನ್ನ ಗುರ್ತ ಹತ್ತೂದಿಲ್ಲ. ಅವು ಮಾರಿ ನೋಡಿ ಬರ್ತಾವು ತಂಗಿ. ಹೊಳ್ಳಿಯಿಂದ ಹೋಗೂದಿದ್ರ ಹೋಗು, ಇಲ್ಲಾಂದ್ರ ಬ್ಯಾಡ. ಉಳಿದ ಎರಡಕ್ಕ ನಾ ಹೆಬ್ಬೆಟ್ಟ ಒತ್ತೂದಿಲ್ಲ.”

ಅವನು ಎದ್ದು ಹೊರಗೆ ನಡೆದ. ಸಾರಿಕಾ ಮಲಕವ್ವನ ಕೈ ಹಿಡಿದು ನಿಲ್ಲಿಸಿದಳು.

“ಕಾಕು, ಕೈ ಕಟ್ಟಿ ನನ್ನ ಒಳಗ ಕಳಸಬ್ಯಾಡ್ರಿ. ಅರ್ಧಾ ಬಿಟ್ಟು ಬಂದ್ರ ಮತ್ತ ಬೆಳೀತೈತಿ. ಎರಡನೇ ಸಲ ನನ್ನ ಕೈಯಾಗ ಏನೂ ಇರೂದಿಲ್ಲ.”

ಆಪರೇಷನ್ನಿಗೆ ಹದಿನೈದು ದಿನ ಬಿಟ್ಟು ತಾರೀಖು ಕೊಟ್ಟಿದ್ದರು. ಮಲಕವ್ವ ಅತ್ತಳು, ಬೈದಳು, ಎರಡು ದಿನ ಉಪವಾಸ ಕೂತಳು. ಮಾಳಸಿದ್ದ ಅವಳ ಪಾಲಿನ ರೊಟ್ಟಿಯನ್ನೂ ತಿಂದು ಮಲಗಿದ. ಊರಿಗೆ ಮಾತ್ರ ಸುಗ್ಗಿ. ಜಕ್ಕಪ್ಪ ಡಾಕ್ಟರ ಚಿತ್ರವನ್ನು ಕಟ್ಟೆಯ ಮೇಲೆ ಸುಣ್ಣದಲ್ಲಿ ಬರೆದು ಮೂರೂ ಹಾದಿ ತೋರಿಸಿದ. ಕಟ್ಟೆಯಲ್ಲಿ ಮೂರು ಪಕ್ಷಗಳಾದವು. ಮೇಲಿನಿಂದ ಇಳಿಯುವುದೇ ಸರಿ ಎನ್ನುವವರು ಬಾವಿಯ ಹೂಳು ತೆಗೆದವರು. ಮುಖ ತೆರೆಯಬೇಕು ಎನ್ನುವವರು ಪಂಪ್ ರಿಪೇರಿಯವರು. ಹೊಳ್ಳೆಯ ಪಕ್ಷದಲ್ಲಿ ಮಾಳಸಿದ್ದ ಒಬ್ಬನೇ ಇದ್ದ, ಆದರೆ ಹೊಳ್ಳೆ ಅವನದು.

ಕೊನೆಗೆ ಪೂಜಾರಿ ಲಗಮಪ್ಪಜ್ಜ ದಾರಿ ಹೇಳಿದ. “ಬೀರದೇವರನ್ನ ಕೇಳೋಣು. ಹೂವು ಹಚ್ಚೋಣು.”

ನಮ್ಮ ಕಡೆ ಇದು ಹಳೆಯ ಪದ್ಧತಿ. ಹೆಣ್ಣು ತರುವಾಗ, ಕುರಿ ಹೊಡೆದುಕೊಂಡು ಹೊರಡುವಾಗ, ದೇವರ ಬಲಕ್ಕೂ ಎಡಕ್ಕೂ ಒಂದೊಂದು ಹೂವನ್ನು ನೀರಿನಿಂದ ಅಂಟಿಸಿ ಕೂರುವುದು. ಯಾವುದು ಬೀಳುವುದೋ ಅದಕ್ಕೆ ದೇವರ ಒಪ್ಪಿಗೆ. ಮೂರು ಹೂವು ಹಚ್ಚಿದ್ದು ಮಾತ್ರ ಯಾರಿಗೂ ನೆನಪಿರಲಿಲ್ಲ. ಎಲ್ಲಿ ಹಚ್ಚುವುದು ಎಂಬ ಪ್ರಶ್ನೆ ಬಂತು. ಜಕ್ಕಪ್ಪ ತಡಮಾಡದೆ ಹೇಳಿದ: ದೇವರಿಗೆ ಬೆಳ್ಳಿಯ ಮುಖವಾಡ ಇದೆಯಲ್ಲ, ಅದರ ಮೂಗಿಗೊಂದು, ಕೆನ್ನೆಗೊಂದು, ಹಣೆಗೊಂದು.

“ದೇವರ ಮಾತು ಮೀರಾಂಗಿಲ್ಲ,” ಎಂದ ಲಗಮಪ್ಪಜ್ಜ.

“ಯಾರ ಮೀರ್ತಾರ?” ಎಂದ ಮಾಳಸಿದ್ದ. “ಬೀರಪ್ಪ ಹೇಳಿದ್ದಕ್ಕ ಹೆಬ್ಬೆಟ್ಟ ಒತ್ತತೇನಿ. ಬರೂ ಐತವಾರ ಹೂವು ನಾನ ಹಚ್ಚತೇನಿ.” ಕೇಳಿದವನೇ ಹಚ್ಚುವುದು ರೂಢಿ, ಯಾರೂ ಬೇಡವೆನ್ನಲಿಲ್ಲ.

ಅವನು ಅಷ್ಟು ಬೇಗ ಒಪ್ಪಿದ್ದೇ ಮಲಕವ್ವನಿಗೆ ಸೇರಲಿಲ್ಲ. ಶನಿವಾರ ಗಂಡನ ಅಂಗಿ ಒಗೆಯಲು ತೆಗೆದಳು. ಜೇಬಿನ ಬಾಯಿಯಿಂದ ಇರುವೆಗಳು ಸಾಲು ಹಿಡಿದಿದ್ದವು. ಒಳಗೆ ಎಲೆಯಲ್ಲಿ ಸುತ್ತಿದ ಹಸಿ ಬೆಲ್ಲ, ಹಿಡಿದರೆ ಬೆರಳಿಗೆ ಬೆರಳು ಅಂಟುವಂಥದ್ದು. ಸಿಹಿ ಮುಟ್ಟದ ಮನುಷ್ಯ ಬೆಲ್ಲವನ್ನು ಜೇಬಿನಲ್ಲಿ ಯಾಕೆ ಇಟ್ಟುಕೊಂಡಿದ್ದಾನೆ? ಆಮೇಲೆ ಅವಳಿಗೆ ಹೊಳೆಯಿತು. ಕೆನ್ನೆಯ ಹೂವಿಗೂ ಹಣೆಯ ಹೂವಿಗೂ ಬೆಲ್ಲ, ಮೂಗಿನ ಹೂವಿಗೆ ಬರಿ ನೀರು. ದೇವರ ಬಾಯಿಗೇ ಬೆಲ್ಲ ಮೆತ್ತಲು ಹೊರಟಿದ್ದ ಭಕ್ತ!

ಮಲಕವ್ವ ಬೆಲ್ಲವನ್ನು ಮುಟ್ಟದೆ ಅಂಗಿಯನ್ನು ಗೂಟಕ್ಕೆ ತೂಗುಹಾಕಿದಳು. ಎತ್ತಿ ಬಿಸಾಡಿದರೆ ಮತ್ತೊಂದು ಹೂಟ ಹೂಡುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಕೆನ್ನೆಯ ಹೂವು ಬಿದ್ದರೆ ಸಾಲದು, ಹಣೆಯದು ಬಿದ್ದರೂ ಸಾಲದು. ಡಾಕ್ಟರ ಕೈ ಬಿಚ್ಚಬೇಕಾದರೆ ಮೂರೂ ಬೀಳಬೇಕು. ಮೂರೂ ಬೀಳುವಂತೆ ಮಾಡುವ ದೇವರು ಇದ್ದಾನೋ ಇಲ್ಲವೋ, ಮಾಡುವ ವಸ್ತು ಮಾತ್ರ ಅಡಿಗೆಮನೆಯಲ್ಲೇ ಇತ್ತು.

ಮುಖವಾಡವನ್ನು ಹುಣಸೆಹಣ್ಣು, ಬೂದಿ ಹಚ್ಚಿ ಬೆಳಗುವುದು ಸರತಿಯ ಮೇಲೆ ಮನೆಮನೆಯ ಹೆಂಗಸರ ಕೆಲಸ. ಆ ವಾರದ ಸರತಿ ಜಕ್ಕಪ್ಪನ ಹೆಂಡತಿಯದು. ಮಲಕವ್ವ ಕೇಳಿ ತನ್ನದಾಗಿಸಿಕೊಂಡಳು. ಮರುದಿನ ಐತವಾರ ಮುಂಜಾನೆ ಗುಡಿಯ ಹಿಂದೆ ಕೂತು ಮುಖವಾಡವನ್ನು ಥಳಥಳ ಬೆಳಗಿ, ಒರೆಸಿ, ಸೆರಗಿನಲ್ಲಿದ್ದ ಸಣ್ಣ ಗಿಂಡಿ ತೆಗೆದಳು. ಎರಡು ಬೆರಳು ಅದ್ದಿ ದೇವರ ಮೂಗು, ಕೆನ್ನೆ, ಹಣೆಗೆ ತೆಳ್ಳಗೆ ತುಪ್ಪ ಸವರಿದಳು. ಬೆಳ್ಳಿಯ ಕಣ್ಣುಗಳು ತನ್ನನ್ನೇ ನೋಡುತ್ತಿವೆ ಎನಿಸಿ ಅವಳ ಕಣ್ಣಲ್ಲಿ ನೀರು ಬಂತು.

“ತಪ್ಪಾತಪಾ ಬೀರಪ್ಪಾ,” ಎಂದಳು. “ಶಿಕ್ಷಾ ಕೊಡೂದಿದ್ರ ನನಗ ಕೊಡು. ಅವರ್ನ ಬಿಡು.”

ಗುಡಿಯ ತುಂಬ ಜನ. ಲಗಮಪ್ಪಜ್ಜ ಭಂಡಾರದ ಅರಿಶಿನ ಹಾರಿಸಿ ಡೊಳ್ಳಿನವರಿಗೆ ಸನ್ನೆ ಮಾಡಿದ. ಮಾಳಸಿದ್ದ ಸ್ನಾನ ಮಾಡಿ, ಕಂಬಳಿ ಹೆಗಲ ಮೇಲೆ ಹಾಕಿ, ಮೂರು ಸೇವಂತಿಗೆ ಹಿಡಿದು ನಿಂತ. ಮೂಗಿನ ಹೂವನ್ನು ತಂಬಿಗೆಯ ನೀರಿಗೆ ಅದ್ದಿ ಹಗುರಾಗಿ ತಾಗಿಸಿ ಇಟ್ಟ. ಉಳಿದೆರಡನ್ನು ಹಚ್ಚುವಾಗ ಜನರಿಗೆ ಬೆನ್ನು ಮಾಡಿ ಹೆಬ್ಬೆರಳಿನಿಂದ ಒತ್ತಿ ಒತ್ತಿ ಕೂರಿಸಿದ. ಭಕ್ತಿ ಎಷ್ಟಿದೆ ನೋಡು ಎಂದು ಯಾರೋ ಅಂದರು.

“ಬೀರಪ್ಪಾ, ಯಾವ ಹಾದಿ ಅನ್ನೂದು ಹೇಳು!” ಎಂದು ಲಗಮಪ್ಪಜ್ಜ ಕೂಗಿದ.

ಡೊಳ್ಳಿನ ಮೊದಲ ಪೆಟ್ಟಿಗೇ ಮೂಗಿನ ಹೂವು ಜಾರಿತು. ಮಾಳಸಿದ್ದನ ಮುಖ ಅರಳಿತು; ಕೈ ಮುಗಿಯಲು ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ಕೆನ್ನೆಯ ಹೂವು ಬೆಲ್ಲದ ಸಮೇತ ಹೊರಟಿತ್ತು. ಅವಸರವಿಲ್ಲದೆ ದೇವರ ಮೀಸೆಯವರೆಗೆ ಬಂದು, ಅಲ್ಲಿ ಸ್ವಲ್ಪ ದಣಿವಾರಿಸಿಕೊಂಡಿತು. ಅಷ್ಟರಲ್ಲಿ ಹಣೆಯದು ಮೂಗಿನ ಮೇಲಿಂದ ಇಳಿಜಾರು ಹಿಡಿದು ಬಂದು ಅದನ್ನು ತಳ್ಳಿತು. ಎರಡೂ ಒಟ್ಟಿಗೆ ತಟ್ಟೆಗೆ ಬಿದ್ದವು.

ಡೊಳ್ಳು ನಿಂತಿತು. ಲಗಮಪ್ಪಜ್ಜ ನಲವತ್ತು ವರ್ಷ ಪೂಜೆ ಮಾಡಿದವನು, ಇಂಥದ್ದನ್ನು ಕಂಡಿರಲಿಲ್ಲ.

“ಮೂರೂ ಬಿದ್ವು ಅಂದ್ರ ಮೂರೂ ಬ್ಯಾಡ ಅಂದಂಗ ಅಲ್ಲೇನು?” ಎಂದ ಜಕ್ಕಪ್ಪ.

ಇದೊಂದನ್ನು ಮಲಕವ್ವ ಯೋಚಿಸಿರಲೇ ಇಲ್ಲ. ಮೈದುನನ ಕುತ್ತಿಗೆ ಹಿಸುಕಬೇಕೆನಿಸಿತು. ಲಗಮಪ್ಪಜ್ಜ ಹೂವುಗಳನ್ನು ನೋಡಿದ, ದೇವರನ್ನು ನೋಡಿದ, ಗಡ್ಡ ಕೆರೆದುಕೊಂಡ.

“ಬಿದ್ದದ್ದು ಬ್ಯಾಡ ಅಂತ ನಿಮ್ಮಪ್ಪನ ಕಾಲದಾಗೂ ಇರಲಿಲ್ಲಲೇ ಜಕ್ಕ್ಯಾ,” ಎಂದ. “ಬಿದ್ದದ್ದು ಹೌದು. ಮೂರೂ ಬಿದ್ದಾವು, ಮೂರೂ ಹೌದು. ಡಾಕ್ಟರಿಗೆ ತಿಳಿದ ಹಾದೀಲೆ ಹೋಗಲಿ ಅಂತ ದೇವರ ಮಾತು.”

ಎಲ್ಲರೂ ಮಾಳಸಿದ್ದನನ್ನು ನೋಡಿದರು. ಅವನು ತಟ್ಟೆಯಿಂದ ಒಂದು ಹೂವನ್ನು ಎತ್ತಿ ಕಣ್ಣಿಗೊತ್ತಿಕೊಂಡ. ಆಮೇಲೆ ಅದನ್ನು ಮೂಗಿನ ಹತ್ತಿರ, ಎಡಗಡೆಗೆ, ಬಹಳ ಹೊತ್ತು ಹಿಡಿದುಕೊಂಡು ನಿಂತ. ಒಮ್ಮೆ ಹೆಂಗಸರ ಕಡೆ ತಿರುಗಿ ನೋಡಿದ.

“ಆತು,” ಎಂದ. “ದೇವರ ಮಾತು. ಒತ್ತತೇನಿ.”

ತಾರೀಖಿನ ದಿನ ಮಿರಜದಲ್ಲಿ ಅವನನ್ನು ಮುಂಜಾನೆ ಎಂಟಕ್ಕೆ ಒಳಗೆ ಒಯ್ದರು. ಮಲಕವ್ವ ಹೊರಗೆ ಗೋಡೆಗೆ ಒರಗಿ ಕೂತಳು. ಜಕ್ಕಪ್ಪ ಅತ್ತಿಂದಿತ್ತ ತಿರುಗುತ್ತ, “ಈಗ ಹೊಳ್ಳಿ ದಾಟಿರಬೇಕ್ ವೈನಿ. ಈಗ ಮಾಳಿಗಿ ಹತ್ರ ಬಂದಿರಬೇಕು,” ಎಂದು ರಸ್ತೆಯ ವರದಿ ಕೊಡುತ್ತಿದ್ದ. ಅವಳಿಗೆ ಒಂದೂ ಕೇಳಿಸಲಿಲ್ಲ. ದೇವರಿಗೆ ಮೋಸ ಮಾಡಿದ್ದೇನೆ, ಅದರ ಲೆಕ್ಕ ಇವತ್ತೇ ತೀರುತ್ತದೆ ಎಂದು ಗಲ್ಲ ಬಡಿದುಕೊಳ್ಳುತ್ತಿದ್ದಳು. ಮಧ್ಯಾಹ್ನವಾಯಿತು, ಚಹದ ಹೊತ್ತಾಯಿತು. ಐದು ಗಂಟೆಗೆ ಸಾರಿಕಾ ಹೊರಗೆ ಬಂದಳು; ಟೋಪಿಯ ಪಟ್ಟಿ ಹಣೆಯಲ್ಲಿ ಗೆರೆ ಕೊರೆದಿತ್ತು.

“ಎಲ್ಲಾ ತಗದೇನ್ರಿ ಕಾಕು. ಹೊಳ್ಳಿಯಿಂದಾನ ಮುಕ್ಕಾಲ ಬಂತು. ಆದ್ರ ಒಂದ ಬೇರು ಬಾಜೂದ ಎಲಬಿನಾಗ ಹೊಕ್ಕಿತ್ತು, ಫೋಟೋದಾಗ ಕಂಡಿದ್ದಿಲ್ಲ. ಮೂಗಿನ ಬಾಜೂಕ ಕೊಯ್ಯಬೇಕಾತು. ಮಾಳಿಗಿಗೆ ತೊಡಿ ಒಳಗಿನ ಪೊರಿ ತಗದು ತ್ಯಾಪಿ ಹಾಕೀನಿ. ಕಣ್ಣು ಉಳದೇತಿ.” ಅವಳು ಪಕ್ಕದಲ್ಲಿ ಕೂತಳು. “ಆ ಹೆಬ್ಬೆಟ್ಟ ಇಲ್ಲದಿದ್ರ ನಾ ಅದನ್ನ ಅಲ್ಲೇ ಬಿಟ್ಟ ಬರಬೇಕಾಗಿತ್ತು.”

ಮಲಕವ್ವ ಆ ಹುಡುಗಿಯ ಎರಡೂ ಕೈಗಳನ್ನು ಮುಖಕ್ಕೆ ಒತ್ತಿಕೊಂಡು ದವಾಖಾನೆಯೆಲ್ಲ ಕೇಳುವಂತೆ ಅತ್ತಳು.

ಮುಂದಿನ ದಿನಗಳು ಮಾಳಸಿದ್ದನಿಗಿಂತ ಉಳಿದವರಿಗೇ ಕಷ್ಟವಾದವು. ತೇಪೆ ಕೂಡುವವರೆಗೆ ಮೂಗು ಸೀಟಬಾರದು, ಬಾಗಬಾರದು, ಭಾರ ಎತ್ತಬಾರದು, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ಮೂಗಿನಿಂದ ತಿಳಿನೀರಿನಂಥದ್ದು ಇಳಿದರೆ ತಕ್ಷಣ ಹೇಳಬೇಕು. ಮಾಳಸಿದ್ದ ಪ್ರತಿ ಮಾತಿನ ಕೊನೆಗೆ ಮೂಗು ಸೀಟಿ ಪೂರ್ಣವಿರಾಮ ಹಾಕುವ ಮನುಷ್ಯ. ಸೀಟುವ ಹಾಗಿಲ್ಲ ಎಂದಮೇಲೆ ಅವನ ಮಾತು ಮುಗಿಯುವುದೇ ಕಷ್ಟವಾಯಿತು. ಜಕ್ಕಪ್ಪ ಕಾವಲಿಗೆ ಕೂತ. ಅಣ್ಣನ ಕೈ ಮೂಗಿನತ್ತ ಹೋದರೆ ಸಾಕು, ಇಡೀ ವಾರ್ಡಿಗೆ ಕೇಳುವಂತೆ “ಬ್ರೇಕ್!” ಎಂದು ಕೂಗುತ್ತಿದ್ದ. ಪಕ್ಕದ ಹಾಸಿಗೆಯವನು ಎರಡು ಸಲ ಬೆಚ್ಚಿ ಊಟ ಬಿಟ್ಟು ಎದ್ದು ನಿಂತ.

ಆರು ವಾರ ಕಿರಣದ ಉಪಚಾರವೂ ಆಯಿತು. ಮನೆಗೆ ಬರುವಾಗ ಮೂಗಿನ ಬುಡದಿಂದ ತುಟಿಯವರೆಗೆ ಕೆಂಪು ಗೆರೆ, ಮೀಸೆಯ ಜಾಗದಲ್ಲಿ ಹೊಸ ಕೂಳೆ. ಮಾಳಸಿದ್ದ ಕನ್ನಡಿ ನೋಡಿದ. ಚಹ ಕುಡಿಯಲೂ ನಿಲ್ಲದೆ, ಕುರಿ ಕೂಡಿಸಿದ್ದ ಹೊಲಕ್ಕೆ ನಡೆದ. ಮಲಕವ್ವ ಕಂಬಳಿಯನ್ನೂ ಅಡಿಗೆಯ ಗಂಟನ್ನೂ ಎತ್ತಿಕೊಂಡು ಹಿಂದೆ ಓಡಿದಳು.

ಅವನು ನಾಲಗೆಯಿಂದ ಲೊಚಗುಟ್ಟಿ “ಹೋ ಬಾ, ಹೋ ಬಾ” ಎಂದ. ಕುರಿಗಳು ತಲೆ ಎತ್ತಿ ನೋಡಿ, ಒಂದರ ಹಿಂದೆ ಒಂದು ದೂರ ಸರಿದವು. ಅವನೇ ಸಾಕಿದ ನಾಯಿ ಖಂಡ್ಯಾ ಹಲ್ಲು ಬಿಟ್ಟು ಬೊಗಳಿತು. ಮಾಳಸಿದ್ದ ಅಲ್ಲೇ ಕಲ್ಲಿನ ಮೇಲೆ ಕೂತ.

“ನಾ ಹೇಳಿದ್ದಿಲ್ಲೇನು?” ಎಂದ. “ಮಾರಿ ಹೋತು, ಕುರೀನೂ ಹೋದ್ವು.”

ಆದರೆ ಮಲಕವ್ವನ ಮೂಗು ಸರಿಯಾಗಿತ್ತು. ಗಂಡನ ಮೈಯಿಂದ ದವಾಖಾನೆಯ ಔಷಧದ ವಾಸನೆ ಮಾರುದೂರ ಹೊಡೆಯುತ್ತಿತ್ತು. ಅವನಿಗೆ ಅದು ಗೊತ್ತಾಗುವ ಹಾಗಿರಲಿಲ್ಲ. ಮೂರು ತಿಂಗಳು ಒಗೆಯದೆ ಇಟ್ಟಿದ್ದ ಅವನ ಕಂಬಳಿಯನ್ನು ತಲೆಯಿಂದ ಮೊಣಕಾಲಿನವರೆಗೆ ಹೊದಿಸಿದಳು. ಜೊತೆಗೆ ಬಂದಿದ್ದ ಜಕ್ಕಪ್ಪ ಧೋತರದಿಂದ ಮೂಗು ಮುಚ್ಚಿಕೊಂಡು ಬದುವಿನ ಆಚೆಗೆ ಹೋಗಿ ನಿಂತ.

ಮೊದಲು ಖಂಡ್ಯಾನ ಬಾಲ ಅಲ್ಲಾಡಿತು. ಹರಕ ಕಿವಿಯ ಕುರಿ ಬಂದು ಕಂಬಳಿಯ ಅಂಚು ಮೂಸಿ, ಅವನ ಮೊಣಕಾಲಿಗೆ ತಲೆ ತಿಕ್ಕಿತು. ಆಮೇಲೆ ಹಿಂಡೇ ಬಂತು. ಗಂಡ ಅಳುವುದನ್ನು ಮಲಕವ್ವ ನೋಡದವಳಂತೆ ಒಲೆ ಹೂಡಲು ಕೂತಳು.

ಊಟಕ್ಕೆ ಬಿಸಿ ರೊಟ್ಟಿ ಕೊಟ್ಟು ತುಪ್ಪ ಹಾಕಿದಳು. ಮಾಳಸಿದ್ದ ಹಳೆಯ ರೂಢಿಯಂತೆ ರೊಟ್ಟಿಯನ್ನು ಮೂಗಿಗೆ ಹಿಡಿದ, ಹಿಡಿದೇ ಇದ್ದ.

“ಏನೂ ಇಲ್ಲ,” ಎಂದ. ಆಮೇಲೆ, “ಇರಲಿ. ಕಡೀಕ ಬಂದ ವಾಸನಿ ಛಲೋದ ಇತ್ತು. ಗುಡಿಯಾಗ ಆ ಹೂವಿನ ಮ್ಯಾಲ ಬಂದದ್ದು. ಎಡಗಡೆ ಹೊಳ್ಳಿ ಇನ್ನೂ ಅಷ್ಟಿಷ್ಟು ನಡದಿತ್ತಲ್ಲ.”

ಮಲಕವ್ವ ಚಮಚವನ್ನು ತುಪ್ಪದ ಗಿಂಡಿಯಲ್ಲಿಟ್ಟಳು.

“ಗೊತ್ತಿದ್ದೂ ಹೆಬ್ಬೆಟ್ಟ ಯಾಕ ಒತ್ತಿದ್ರಿ?”

“ಗುಡಿ ಹೊಸ್ತಲಾ ತುಳದ್ರ ಗಲ್ಲಾ ಬಡಕೊಳ್ಳಾಕಿ ನೀ,” ಎಂದ ಮಾಳಸಿದ್ದ. “ಅಂಥಾಕಿ ದೇವರ ಮಾರಿಗೇ ತುಪ್ಪಾ ಸವರ್ಯಾಳ. ನನ್ನ ಮಾರಿದೇನ ದೊಡ್ಡ ಮಾತು ಅನಿಸ್ತು.” ಅವನು ಸುತ್ತ ನೋಡಿ ದನಿ ತಗ್ಗಿಸಿದ. “ಬೆಲ್ಲದ ಮಾತ ಮಾತ್ರ ಯಾರ ಮುಂದೂ ಹೇಳಬ್ಯಾಡ.”

“ಬೆಲ್ಲದ್ದು ಇರಿವಿ ಶನಿವಾರನ ಹೇಳಿದ್ವು.”

ಮಾಳಸಿದ್ದ ನಕ್ಕ. ನಗುವಾಗ ಹೊಸ ಗಾಯದ ಗೆರೆ ಎಳೆದು ಮುಖ ಸ್ವಲ್ಪ ಸೊಟ್ಟಗಾಯಿತು. ಮಲಕವ್ವನಿಗೆ ಚೆಂದವೇ ಕಂಡಿತು. ಅವನು ರೊಟ್ಟಿಯನ್ನು ಮತ್ತೊಮ್ಮೆ ಮೂಗಿನ ಹತ್ತಿರ ಒಯ್ದು ಕೇಳಿದ:

“ಎಲಿ ಹಾಕಿ ಕಾಸೀಯೋ ಇಲ್ಲೋ?”

“ಹಾಕೀನ್ರಿ.”

“ಹಂಗಾದ್ರ ಬಂತು ಬಿಡು ವಾಸನಿ,” ಎಂದು ಅವನು ರೊಟ್ಟಿ ಮುರಿದ.